ಚಕ್ರದ ಮೇಲೊಂದು ಮನೆ

ನನ್ನ ಅಕ್ಕ ಪ್ರಯಾಣದ ದಿನ ಬೆಳಗ್ಗಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಿದ್ದರು. ಚಹಾ ತಂದಿಟ್ಟರೆ "ಬೇಡ, ದಾರಿಯಲ್ಲಿ ಕಷ್ಟ" ಎನ್ನುತ್ತಿದ್ದರು. ಆ ಕಷ್ಟ ಯಾವುದೆಂದು ಈ ಪತ್ರಿಕೆಯ ಓದುಗ ಸಹೋದರಿಯರಿಗೆ ವಿವರಿಸಬೇಕಾಗಿಲ್ಲ. ಗಂಡಸರಿಗೆ ರಸ್ತೆಯ ಬದಿಯೇ ಸಾಕು. ಹೆಂಗಸರು ಮಾತ್ರ ಒಂದು ಹೋಟೆಲಿನಿಂದ ಮತ್ತೊಂದು ಪೆಟ್ರೋಲ್ ಬಂಕ್‌ವರೆಗೆ ತುಟಿ ಕಚ್ಚಿ ಕೂರಬೇಕು. ಅಲ್ಲಿ ತಲುಪಿದರೂ ಬಾಗಿಲಿಗೆ ಚಿಲಕವಿದ್ದರೆ ನೀರಿಲ್ಲ, ನೀರಿದ್ದರೆ ಚಿಲಕವಿಲ್ಲ. ಅಕ್ಕನಿಗೆ ಸಕ್ಕರೆ ಕಾಯಿಲೆ ಬೇರೆ. ಮೊಣಕಾಲು ನೋವಿನಿಂದ ಕೂತಲ್ಲಿಂದ ಏಳುವುದೂ ಕಷ್ಟ. ಕೊನೆಗೆ ಅವರು ಮದುವೆ, ಮರಣ ಎಂದು ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿದುಬಿಟ್ಟರು.

ಅವರ ಮಗ ಗಲ್ಫ್‌ನಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದವನು. ಅಲ್ಲಿಯ ಅರಬ್ ಕುಟುಂಬಗಳು ಚಳಿಗಾಲದಲ್ಲಿ ಅಡುಗೆಮನೆ, ಶೌಚಾಲಯ, ಹಾಸಿಗೆ ಎಲ್ಲವೂ ಇರುವ ಗಾಡಿಗಳನ್ನು ಮರುಭೂಮಿಗೆ ಎಳೆದೊಯ್ದು ಬಿಡಾರ ಹೂಡುವುದನ್ನು ಅವನು ಕಂಡಿದ್ದ. ಊರಿಗೆ ಮರಳಿದಾಗ ಅವನ ತಲೆಯಲ್ಲಿ ಒಂದೇ ಯೋಚನೆ. ಉಮ್ಮನಿಗಾಗಿ ಅಂಥದ್ದೊಂದು ಗಾಡಿ ಮಾಡಬೇಕು. ಅವನು 12 ಸೀಟಿನ ಹಳೆಯ ವ್ಯಾನೊಂದನ್ನು ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದ ದಿನ, ಅದರ ಲೆಕ್ಕ ಬರೆಯುವ ಕೆಲಸ ಮಾವನಾದ ನನ್ನ ಪಾಲಿಗೆ ಬಂತು. ಹಾಗಾಗಿ ಈ ವಿಷಯದಲ್ಲಿ ನಾನು ಓದಿದ್ದೂ ಇದೆ, ಪೆಟ್ಟು ತಿಂದು ಕಲಿತದ್ದೂ ಇದೆ.

ಇಬ್ನು ಬತೂತಾ ಕಂಡ ಗಾಡಿ

ಇದನ್ನು ಯೂರೋಪಿನವರ ಹೊಸ ಶೋಕಿ ಎಂದುಕೊಳ್ಳುವವರಿದ್ದಾರೆ. ಕ್ರಿ.ಶ. 1330ರ ದಶಕದಲ್ಲಿ ಇಬ್ನು ಬತೂತಾ ಕಪ್ಪು ಸಮುದ್ರದ ಉತ್ತರದಲ್ಲಿದ್ದ ತಾತಾರರ ಹುಲ್ಲುಗಾವಲು ನಾಡನ್ನು ದಾಟಿದರು. ಅಲ್ಲಿ ಕಂಡ ನಾಲ್ಕು ದೊಡ್ಡ ಚಕ್ರಗಳ ಗಾಡಿಯನ್ನು ತಮ್ಮ ಪ್ರವಾಸ ಕಥನದಲ್ಲಿ ವಿವರವಾಗಿ ವರ್ಣಿಸಿದ್ದಾರೆ. ಕುದುರೆ, ಎತ್ತು ಅಥವಾ ಒಂಟೆ ಅದನ್ನು ಎಳೆಯುತ್ತಿತ್ತು. ಮರದ ತೆಳು ಪಟ್ಟಿಗಳನ್ನು ಚರ್ಮದ ದಾರದಿಂದ ಹೆಣೆದು, ಮೇಲೆ ಉಣ್ಣೆಯ ನಮದಾ ಹೊದಿಸಿದ ಗುಡಾರವೊಂದು ಗಾಡಿಯ ಮೇಲೆ ಕೂತಿರುತ್ತಿತ್ತು. ಅದಕ್ಕೆ ಜಾಲರಿಯ ಕಿಟಕಿ. ಒಳಗಿದ್ದವರು ಹೊರಗಿನವರನ್ನು ನೋಡಬಹುದು, ಹೊರಗಿನವರಿಗೆ ಒಳಗಿನವರು ಕಾಣಿಸುವುದಿಲ್ಲ. ಗಾಡಿ ಚಲಿಸುತ್ತಿರುವಾಗಲೇ ಅದರೊಳಗೆ ಮಲಗಬಹುದು, ಉಣ್ಣಬಹುದು, ಓದಬಹುದು, ಬರೆಯಬಹುದು. ಕೆಲವು ವರ್ಷಗಳ ಬಳಿಕ ಇದೇ ಇಬ್ನು ಬತೂತಾ ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರುಗಳಿಗೂ ಬಂದರು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗಾಗಿಯೇ ಇದ್ದ 13 ಮದ್ರಸಗಳನ್ನು ಕಂಡು ದಾಖಲಿಸಿದರು. ಅದು ಬೇರೆಯೇ ಲೇಖನದ ವಿಷಯ, ಇಲ್ಲಿ ಬೇಡ.

ಹಗುರ ಚೌಕಟ್ಟು, ಬಿಸಿಲು ಮತ್ತು ಚಳಿಯನ್ನು ತಡೆಯುವ ಹೊದಿಕೆ, ಗಾಳಿಯಾಡುವ ಆದರೆ ಮರೆ ಇರುವ ಕಿಟಕಿ. ಇಂದು ಲಕ್ಷಾಂತರ ರೂಪಾಯಿ ಸುರಿದು ಗಾಡಿ ಕಟ್ಟುವವರೂ ಇವನ್ನೇ ಸಾಧಿಸಲು ಹೆಣಗುತ್ತಾರೆ. ಹೆಸರು ಕೂಡ ನಮ್ಮ ಕಡೆಯದ್ದೇ. ಪಾರ್ಸಿಯ 'ಕಾರವಾನ್' ಇಂಗ್ಲಿಷಿಗೆ ಹೋಗಿ, ಬಾಲ ಮಾತ್ರ ಉಳಿದು 'ವ್ಯಾನ್' ಆಯಿತು. ಅರಬಿಯ 'ಸಫರ್' ಆಫ್ರಿಕಾದ ಸ್ವಾಹಿಲಿ ಭಾಷೆಯ ಮೂಲಕ 'ಸಫಾರಿ' ಆಯಿತು.

ಯೂರೋಪಿನಲ್ಲಿ ವಿಹಾರಕ್ಕೆಂದೇ ಕಟ್ಟಿದ ಮೊದಮೊದಲ ಗಾಡಿಗಳಲ್ಲೊಂದು 1885ರಲ್ಲಿ ಗೋರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ನಿವೃತ್ತ ವೈದ್ಯ ಮಾಡಿಸಿದ 'ವಾಂಡರರ್'. ಸುಮಾರು 2 ಟನ್ ತೂಕ, ಎರಡು ಕುದುರೆ. ಎದುರಿನಿಂದ ಬರುವವರನ್ನು ಎಚ್ಚರಿಸಲು ಆತನ ಸೇವಕ ಮೂರು ಚಕ್ರದ ಸೈಕಲ್ ತುಳಿಯುತ್ತಾ ಮುಂದೆ ಹೋಗುತ್ತಿದ್ದನಂತೆ. ಮೋಟಾರಿನ ಕಾಲದಲ್ಲಿ ಸಾಮಾನ್ಯ ಕುಟುಂಬಗಳಿಗೂ ಇದನ್ನು ತಲುಪಿಸಿದ್ದು ಜರ್ಮನಿ. ಫೋಕ್ಸ್‌ವ್ಯಾಗನ್ ಕಂಪೆನಿ 1950ರಲ್ಲಿ ತನ್ನ ಪುಟ್ಟ ವ್ಯಾನನ್ನು ತಯಾರಿಸತೊಡಗಿತು. 1844ರಿಂದ ಕುದುರೆಗಾಡಿ ಕಟ್ಟುತ್ತಾ ಬಂದಿದ್ದ ವೆಸ್ಟ್‌ಫಾಲಿಯಾ ಸಂಸ್ಥೆ 1951ರಲ್ಲಿ ಅದಕ್ಕೊಂದು 'ಕ್ಯಾಂಪಿಂಗ್ ಬಾಕ್ಸ್' ಮಾಡಿತು. ಅದು ಗಾಡಿಗೆ ಕಾಯಂ ಆಗಿ ಕೂರಿಸುವಂಥದ್ದಲ್ಲ. ವಾರವಿಡೀ ವ್ಯಾನಿನಲ್ಲಿ ಸರಕು ಸಾಗಿಸಿ, ರಜೆ ಬಂದಾಗ ಪೆಟ್ಟಿಗೆಯನ್ನು ಒಳಗಿಟ್ಟರೆ ಹಾಸಿಗೆ, ಮೇಜು ಸಿದ್ಧ. ರಜೆ ಮುಗಿದರೆ ಹೊರಕ್ಕೆ. ಈ ಪೆಟ್ಟಿಗೆಯ ವಿಷಯವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಗೋಕರ್ಣದ ಬಳಿ ನಿಂತಿದ್ದ ಲಾರಿ

2019ರ ಜನವರಿಯಲ್ಲಿ ಉತ್ತರ ಕನ್ನಡದ ಕಡಲ ತೀರದಲ್ಲಿ ಹಳೆಯ ಮರ್ಸಿಡಿಸ್ ಲಾರಿಯೊಂದು ನಿಂತಿರುವುದನ್ನು ಕಂಡೆ. ಮೂತಿ ಮುಂದಕ್ಕೆ ಚಾಚಿದ, ನಮ್ಮ ಹಳೆಯ ಟಾಟಾ ಲಾರಿಯ ದಾಯಾದಿಯಂತಿದ್ದ ಗಾಡಿ. ದಾಯಾದಿ ಎಂಬುದು ಬರೀ ಮಾತಲ್ಲ. ಟಾಟಾ ಸಂಸ್ಥೆ 1954ರಿಂದ 1969ರವರೆಗೆ ಮರ್ಸಿಡಿಸ್‌ನೊಂದಿಗಿನ ಒಪ್ಪಂದದಂತೆಯೇ ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಸುತ್ತಿತ್ತು. ಲಾರಿಯ ಒಡೆಯರು ವಯಸ್ಸಾದ ಜರ್ಮನ್ ದಂಪತಿ. ತುರ್ಕಿ, ಇರಾನ್ ದಾಟಿ, ಬಲೂಚಿಸ್ತಾನದಲ್ಲಿ ಪೊಲೀಸ್ ಬೆಂಗಾವಲಿನಲ್ಲಿ ಸಾಗಿ, ವಾಘಾ ಗಡಿಯ ಮೂಲಕ ಬಂದವರು. ಗಾಡಿಗೂ ಪಾಸ್‌ಪೋರ್ಟಿನಂಥ ದಾಖಲೆ ಬೇಕು. ಅದನ್ನು ಕಾರ್ನೆ ಎನ್ನುತ್ತಾರೆ. ಗಾಡಿಯನ್ನು ಆ ದೇಶದಲ್ಲೇ ಮಾರಿ ಸುಂಕ ತಪ್ಪಿಸುವುದಿಲ್ಲ ಎಂಬುದಕ್ಕೆ ಅದು ಜಾಮೀನು. ನಮ್ಮ ದೇಶದಿಂದ ಹೋಗುವವರಿಗೆ ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಶನ್ ಅದನ್ನು ಕೊಡುತ್ತದೆ. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ರಷ್ಯನ್ ಸೇನೆಯ ಪ್ರವೇಶ. ಅಲ್ಲಿಗೆ ಯೂರೋಪಿನ ಯುವಕರು ಭಾರತಕ್ಕೆ ಬರುತ್ತಿದ್ದ ಹಳೆಯ ದಾರಿ ಮುರಿದುಬಿತ್ತು. ಅಟ್ಟಾರಿ-ವಾಘಾ ಗಡಿಯನ್ನು 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಬಳಿಕ ಮುಚ್ಚಲಾಯಿತು. ಆ ದಂಪತಿಯ ಪ್ರಯಾಣ ಹಾಗೆ ಎರಡು ಬಾಗಿಲುಗಳ ನಡುವೆ ನಡೆದದ್ದು ಎನ್ನಬಹುದು.

ಆ ಹಿರಿಯರು ನನ್ನನ್ನು ಒಳಗೆ ಕರೆಯುವ ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಲು ಹೇಳಿದರು. ಲಾರಿಯ ಉದ್ದನೆಯ ಚಾಸಿಸ್ ಹಳ್ಳಕೊಳ್ಳದಲ್ಲಿ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ, ತಿರುಚಿಕೊಳ್ಳಲೇಬೇಕು. ಇಲ್ಲದಿದ್ದರೆ ಒಂದು ಚಕ್ರ ಮೇಲಕ್ಕೇ ನಿಂತುಬಿಡುತ್ತದೆ. ಆದರೆ ಅದರ ಮೇಲಿನ ಮನೆ ಬಿಗಿಯಾದ ಪೆಟ್ಟಿಗೆ, ಅದು ತಿರುಚಲಾರದು. ಎರಡನ್ನೂ ಬೋಲ್ಟ್ ಹಾಕಿ ಬಿಗಿದರೆ ಪೆಟ್ಟಿಗೆಯ ಮೂಲೆಗಳು ಬಿರುಕು ಬಿಡುತ್ತವೆ, ಮಳೆ ನೀರು ಒಳಗೆ ಬರುತ್ತದೆ. ಅದಕ್ಕಾಗಿ ಪೆಟ್ಟಿಗೆಯನ್ನು ಮೂರೇ ಜಾಗದಲ್ಲಿ ಕೂರಿಸುತ್ತಾರೆ. ಹಿಂದೆ ಎರಡು ಕಡೆ ಗಟ್ಟಿಯಾಗಿ, ಮುಂದೆ ನಡುವಿನಲ್ಲಿ ಒಂದು ತಿರುಗಣೆಯ ಮೇಲೆ. ಮೂರು ಕಾಲಿನ ಮಣೆ ಎಂಥ ನೆಲದಲ್ಲೂ ಅಲುಗಾಡದೆ ನಿಲ್ಲುತ್ತದಲ್ಲ, ಅದೇ ತತ್ವ. ಚಾಸಿಸ್ ಕೆಳಗೆ ಎಷ್ಟು ಬೇಕಾದರೂ ಹೊರಳಾಡಲಿ, ಮೇಲಿನ ಮನೆಗೆ ಅದು ತಟ್ಟುವುದಿಲ್ಲ. ಗೋಡೆಗಳು ಎರಡು ಫೈಬರ್ ಹಾಳೆಗಳ ನಡುವೆ ಗಟ್ಟಿ ಫೋಮ್ ತುಂಬಿದಂಥವು. ಬಾಗಿಲು ಹಾಕಿದರೆ ಹೊರಗಿನ ಬಿಸಿಲು ಒಳಗೆ ತಿಳಿಯುತ್ತಿರಲಿಲ್ಲ. ಆ ಗೃಹಿಣಿ ಒಂದು ಲೋಟ ನೀರಿನಲ್ಲಿ ನಾಲ್ಕು ಪಾತ್ರೆ ತೊಳೆದದ್ದನ್ನು ನೋಡಿದೆ. ನಮ್ಮ ಮನೆಯ ನಲ್ಲಿ ನೆನಪಾಗಿ ನಾಚಿಕೆಯಾಯಿತು.

ನೀರು ಮತ್ತು ತೂಕ

ಅಳಿಯನ ವ್ಯಾನಿನ ಕೆಲಸ ಶುರುವಾದಾಗ ಮೊದಲ ಚರ್ಚೆ ನೀರಿನದ್ದು. 100 ಲೀಟರ್ ಟ್ಯಾಂಕ್ ಎಂದರೆ 100 ಕೆ.ಜಿ. ಭಾರ. ಅದು ತಗ್ಗಿನಲ್ಲಿ, ಎರಡು ಆಕ್ಸಲ್‌ಗಳ ನಡುವೆ ಇರಬೇಕು. ಹಿಂಬದಿಯ ತುದಿಯಲ್ಲಿಟ್ಟರೆ ತಿರುವಿನಲ್ಲಿ ಬಾಲ ಎಳೆಯುತ್ತದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಕುಲುಕಾಡುವುದರಿಂದ ಒಳಗೆ ತಡೆ ಹಲಗೆಗಳೂ ಬೇಕು.

ಐದು ಜನರ ವುಝೂ, ಅಡುಗೆ, ಶೌಚಕ್ಕೆ 100 ಲೀಟರ್ ಎಷ್ಟು ದಿನ ಬರುತ್ತದೆ? ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ಒಂದು ಸಾಅ್‌ನಿಂದ ಐದು ಮುದ್ದ್‌ನವರೆಗಿನ ನೀರಿನಲ್ಲಿ ಸ್ನಾನ ಮಾಡುತ್ತಿದ್ದರು ಎಂದು ಹದೀಸ್ ಗ್ರಂಥಗಳಲ್ಲಿ ವರದಿಯಾಗಿದೆ. ಮುದ್ದ್ ಎಂದರೆ ಎರಡು ಅಂಗೈ ಸೇರಿಸಿ ಹಿಡಿದಷ್ಟು, ಒಂದು ಲೀಟರಿಗೂ ಕಡಿಮೆ. ನಾವು ನಲ್ಲಿ ಬಿಟ್ಟುಕೊಂಡು ಮಾಡುವ ವುಝೂ ಎಷ್ಟು ನೀರು ತಿನ್ನುತ್ತದೆಂದು ನಾನು ಬಕೆಟ್ ಇಟ್ಟು ಅಳೆದೆ. ಏಳು ಲೀಟರ್! ಮದ್ರಸದಲ್ಲಿ ಇಪ್ಪತ್ತು ವರ್ಷ ಈ ಹದೀಸನ್ನು ಕಲಿಸಿದವನ ವುಝೂ ಅದು. ಕೊನೆಗೆ ಮುಚ್ಚಳಕ್ಕೆ ಸಣ್ಣ ತೂತು ಕೊರೆದ ಒಂದು ಲೀಟರಿನ ಬಾಟಲಿಯಿಂದ ಅಭ್ಯಾಸ ಮಾಡಿದೆವು. ಮಕ್ಕಳು ನನಗಿಂತ ಬೇಗ ಕಲಿತರು.

ಶೌಚಾಲಯದ ವಿಷಯದಲ್ಲಿ ಯೂರೋಪಿನ ಮಾದರಿಯನ್ನು ಕಣ್ಣುಮುಚ್ಚಿ ಅನುಸರಿಸುವಂತಿಲ್ಲ. ಅಲ್ಲಿ ಮೂತ್ರವನ್ನೂ ಮಲವನ್ನೂ ಬೇರ್ಪಡಿಸಿ ಒಣಗಿಸುವ ನೀರಿಲ್ಲದ ಶೌಚಾಲಯ ಜನಪ್ರಿಯ. ಒಣಗಿದ್ದರೆ ವಾಸನೆ ಬರುವುದಿಲ್ಲ ಎಂಬುದು ಅದರ ಗುಟ್ಟು. ನೀರು ಬಳಸಿಯೇ ಶುಚಿಯಾಗುವ ನಮಗೆ ಅದು ಒಂದೇ ದಿನದಲ್ಲಿ ಕೈಕೊಡುತ್ತದೆ. ನಮಗೆ ಹೊಂದುವುದು ಸುಮಾರು 20 ಲೀಟರಿನ, ಕೆಳಗಿನ ತೊಟ್ಟಿಯನ್ನು ಕಳಚಿ ಒಯ್ಯಬಹುದಾದ ಪೆಟ್ಟಿಗೆ ಶೌಚಾಲಯ. ಅದು ಎರಡು ದಿನಕ್ಕೊಮ್ಮೆಯಾದರೂ ಖಾಲಿಯಾಗಬೇಕು. ಹಳ್ಳಕ್ಕೋ ಹೊಳೆಗೋ ಅಲ್ಲ, ಶೌಚಾಲಯದ ಗುಂಡಿಗೇ ಸುರಿಯಬೇಕು. ಜನರ ದಾರಿಯಲ್ಲೂ ನೆರಳಲ್ಲೂ ಹೊಲಸು ಮಾಡುವವನ ಬಗ್ಗೆ ಪ್ರವಾದಿವರ್ಯರು(ಸ) ಏನು ಎಚ್ಚರಿಸಿದ್ದಾರೆಂಬುದು ಓದುಗರಿಗೆ ಗೊತ್ತಿದೆ.

ನಮಾಝ್‌ನ ಪ್ರಶ್ನೆ ಛಾವಣಿಯ ಎತ್ತರವನ್ನು ನಿರ್ಧರಿಸಿತು. ಫರ್ಝ್ ನಮಾಝ್‌ನಲ್ಲಿ ನಿಲ್ಲಲು ಶಕ್ತನಾದವನು ನಿಲ್ಲಬೇಕು. ಗಂಡಸರು ಕೆಳಗಿಳಿದು ಎಲ್ಲಾದರೂ ಚಾಪೆ ಹಾಸಿಯಾರು, ಹೆಂಗಸರಿಗೆ ಹೆದ್ದಾರಿಯ ಬದಿಯಲ್ಲಿ ಅದು ಸುಲಭವಲ್ಲ. ಆದ್ದರಿಂದ ಒಳಗೆ ಒಬ್ಬರು ನೆಟ್ಟಗೆ ನಿಲ್ಲುವಷ್ಟು ಎತ್ತರ, ಸುಜೂದ್ ಮಾಡುವಷ್ಟು ಉದ್ದ ಬಿಟ್ಟೆವು. ಕಿಬ್ಲಾ ಅಡ್ಡಕ್ಕೆ ಬಂದರೆ ಗಾಡಿಯನ್ನೇ ತಿರುಗಿಸಿ ನಿಲ್ಲಿಸುವುದು ಎಂದು ಅಳಿಯನ ತೀರ್ಪು!

ಬಡಗಿ ಒಳ್ಳೆಯ ಕೆಲಸಗಾರ. ಆದರೆ ಅವನು ಕಟ್ಟಿದ್ದು ಮನೆಯ ಬೀರು. 18 ಮಿಲಿಮೀಟರ್ ಪ್ಲೈವುಡ್‌ನ 8 ಅಡಿ, 4 ಅಡಿಯ ಒಂದು ಹಾಳೆಯೇ ಸುಮಾರು 35 ಕೆ.ಜಿ. ತೂಗುತ್ತದೆ. ಅಂಥ ಹತ್ತು ಹನ್ನೆರಡು ಹಾಳೆ ಒಳಗೆ ಹೋದವು. ಮೇಲೆ ಸನ್ಮೈಕ, ಕಡಪ ಕಲ್ಲಿನ ಅಡುಗೆ ಕಟ್ಟೆ. ಎಲ್ಲ ಮುಗಿದ ಮೇಲೆ ವೇಬ್ರಿಡ್ಜ್‌ಗೆ ಒಯ್ದೆವು. ಗಾಡಿಯ ಪುಸ್ತಕದಲ್ಲಿ ನಮೂದಾಗಿದ್ದ ಗರಿಷ್ಠ ತೂಕ 3,500 ಕೆ.ಜಿ. ನೀರಿಲ್ಲದೆ, ಜನರಿಲ್ಲದೆ ಅದು ತೂಗಿದ್ದು 3,080. ಐದು ಜನರಿಗೆ 300, ನೀರಿಗೆ 100, ಪಾತ್ರೆ, ಬಟ್ಟೆ, ಗ್ಯಾಸ್ ಎಂದು 120 ಕೂಡಿಸಿದರೆ 3,600. ಮನೆ ಬಿಡುವ ಮೊದಲೇ ಮಿತಿ ಮೀರಿತ್ತು. ಘಾಟಿ ಇಳಿಯುವಾಗ ಬ್ರೇಕ್‌ಗೆ ಈ ಹೆಚ್ಚುವರಿ 100 ಕೆ.ಜಿ. ಏನೆಂದು ಚಾರ್ಮಾಡಿಯ ಲಾರಿ ಚಾಲಕರನ್ನು ಕೇಳಬೇಕು.

ಸೂರಃ ಅನ್ನಹ್ಲ್‌ನ 80ನೇ ಸೂಕ್ತದಲ್ಲಿ ಅಲ್ಲಾಹನು ಮನೆಯ ನೆಮ್ಮದಿಯನ್ನು ನೆನಪಿಸುವ ಜೊತೆಯಲ್ಲೇ ಪ್ರಾಣಿಗಳ ಚರ್ಮದ ಡೇರೆಗಳನ್ನೂ ನೆನಪಿಸುತ್ತಾನೆ. ಹೊರಡುವ ದಿನಕ್ಕೂ ತಂಗುವ ದಿನಕ್ಕೂ ಅವು ಹಗುರವಾಗಿರುವುದನ್ನು ಅನುಗ್ರಹವಾಗಿ ಎಣಿಸುತ್ತಾನೆ. ಎಷ್ಟೋ ಸಲ ಪಾಠ ಹೇಳಿದ ಸೂಕ್ತ. 'ಹಗುರ' ಎಂಬ ಪದದ ಮೇಲೆ ನನ್ನ ಬೆರಳು ನಿಂತದ್ದು ಆ ತೂಕದ ಚೀಟಿ ಕೈಗೆ ಬಂದ ಮೇಲೆಯೇ.

ವಿದ್ಯುತ್ ಮತ್ತು ವಿಷಗಾಳಿ

ಅಳಿಯ ಎ.ಸಿ. ಮೆಕ್ಯಾನಿಕ್ ಆದ್ದರಿಂದ ಎ.ಸಿ. ಬೇಕೆಂದು ಹಟ ಹಿಡಿದ. ಲೆಕ್ಕ ನೋಡೋಣ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು ಸುಮಾರು 1,200 ವ್ಯಾಟ್-ಗಂಟೆ. ಒಂದು ಟನ್ನಿನ ಎ.ಸಿ. ತಾಸಿಗೆ ಹೆಚ್ಚುಕಡಿಮೆ ಅಷ್ಟನ್ನೂ ನುಂಗುತ್ತದೆ. ಒಂದು ರಾತ್ರಿ ತಣ್ಣಗೆ ಮಲಗಲು ಇಂಥ ಏಳೆಂಟು ಬ್ಯಾಟರಿ ಬೇಕು. ಸೀಸದ ಬ್ಯಾಟರಿಯಾದರೆ ಅದರ ಎರಡು ಪಟ್ಟು, ಏಕೆಂದರೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಅದೇ ಬ್ಯಾಟರಿ ಎಲ್‌ಇಡಿ ದೀಪ, ಎರಡು ಫ್ಯಾನ್, ಸಣ್ಣ ಫ್ರಿಜ್‌ಗಳನ್ನು ಒಂದು ದಿನ ಆರಾಮವಾಗಿ ನಡೆಸುತ್ತದೆ. ಛಾವಣಿಯ ಮೇಲೆ 200 ವ್ಯಾಟಿನ ಸೌರ ಫಲಕವಿದ್ದರೆ ನಮ್ಮ ಬೇಸಿಗೆಯಲ್ಲಿ ಮರುದಿನ ಮತ್ತೆ ಬಹುಪಾಲು ತುಂಬಿಕೊಳ್ಳುತ್ತದೆ. ಇನ್ಸುಲಿನ್ ಇಡಲು ಅಕ್ಕನಿಗೆ ಫ್ರಿಜ್ ಅಗತ್ಯ, ಎ.ಸಿ. ಅಲ್ಲ. ಇನ್ನೊಂದು ಮಾತು. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಇದಕ್ಕೆ ಮುಟ್ಟಲೇಬಾರದು. ರಾತ್ರಿ ಫ್ಯಾನ್ ತಿರುಗಿಸಿ ಬೆಳಗ್ಗೆ ಗಾಡಿ ತಳ್ಳುವ ಸ್ಥಿತಿ ಬರುತ್ತದೆ. 12 ವೋಲ್ಟ್ ಎಂದು ವೈರಿನ ದಪ್ಪದಲ್ಲೂ ಉದಾಸೀನ ಸಲ್ಲದು. ವೋಲ್ಟ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಹರಿಯುವ ಕರೆಂಟ್ ಹೆಚ್ಚು. 1,200 ವ್ಯಾಟ್ ಎಂದರೆ 100 ಆಂಪಿಯರ್. ಮನೆಯ ವೈರ್ ಅದರಲ್ಲಿ ಕರಗಿ ಬೆಂಕಿ ಹತ್ತುತ್ತದೆ. ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಬೇಕು.

ಬ್ಯಾಟರಿ ಸಾಲದೆಂದು ಅವನು ಹಿಂಬದಿಯಲ್ಲಿ ಸಣ್ಣದೊಂದು ಜನರೇಟರ್ ಕೂರಿಸಿದ. ಗ್ಯಾಸ್ ಸಿಲಿಂಡರ್ ಮಂಚದ ಕೆಳಗೆ ಹೋಯಿತು. ನೋಡಲು ಎಲ್ಲವೂ ಅಚ್ಚುಕಟ್ಟು. ನೆರೆಹೊರೆಯವರು ಬಂದು ಹೊಗಳಿ ಹೋದರು. ನಾನೂ ಹೊಗಳಿದೆ.

2024ರ ಡಿಸೆಂಬರ್ 23ರಂದು ಕೇರಳದ ವಡಗರದಲ್ಲಿ ರಸ್ತೆ ಬದಿ ನಿಂತಿದ್ದ ಕಾರವಾನ್‌ನೊಳಗೆ ಇಬ್ಬರು ಶವವಾಗಿ ಪತ್ತೆಯಾದರು. ಜನರೇಟರ್ ಚಾಲೂ ಮಾಡಿ ಎ.ಸಿ. ಹಾಕಿ ಮಲಗಿದ್ದವರು. ಕ್ಯಾಲಿಕಟ್ ಎನ್‌ಐಟಿಯ ತಜ್ಞರು ಪರೀಕ್ಷಿಸಿದಾಗ, ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಗಾಡಿಯ ತಳದಲ್ಲಿದ್ದ ರಂಧ್ರದ ಮೂಲಕ ಒಳಗೆ ಬಂದಿತ್ತೆಂದು ತಿಳಿಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಆಸೆಯಿಂದ ಅದನ್ನು ಅಪ್ಪಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವನು ನಿದ್ದೆಯಲ್ಲೇ ಹೋಗುತ್ತಾನೆ.

ಆ ಸುದ್ದಿ ಓದಿದ ರಾತ್ರಿ ನಾನು ಮತ್ತು ಅಳಿಯ ಟಾರ್ಚ್ ಹಿಡಿದು ವ್ಯಾನಿನ ಕೆಳಗೆ ಮಲಗಿ ನೋಡಿದೆವು. ವೈರ್ ಎಳೆಯಲೆಂದು ತಳದಲ್ಲಿ ಕೊರೆದ ತೂತುಗಳು ಆರು. ಮುಚ್ಚಿದ್ದು ನಾಲ್ಕು. ಉಳಿದ ಎರಡರಲ್ಲಿ ಒಂದು ಅಕ್ಕನ ಮಂಚದ ನೇರ ಕೆಳಗೆ. ಅಳಿಯ ಮಾತನಾಡಲಿಲ್ಲ. ಬೆಳಗಾಗುವ ಮೊದಲೇ ಜನರೇಟರನ್ನು ಕಳಚಿ ಹೊರಗಿಟ್ಟ.

ಅಡುಗೆ ಅನಿಲದ್ದು ಇನ್ನೊಂದು ಗುಣ. ಅದು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿಹೋಗದೆ ನೀರಿನಂತೆ ನೆಲದಲ್ಲಿ ನಿಲ್ಲುತ್ತದೆ, ಕಿಡಿಗಾಗಿ ಕಾಯುತ್ತದೆ. ಮಂಚದ ಕೆಳಗೆ ಸಿಲಿಂಡರ್ ಇಡುವುದೆಂದರೆ ಬಾವಿಯೊಳಗೆ ಇಟ್ಟಂತೆ. ಅದಕ್ಕೆ ಒಳಭಾಗದಿಂದ ಸಂಪೂರ್ಣ ಬೇರ್ಪಟ್ಟ, ಹೊರಗಿನಿಂದ ಬಾಗಿಲಿರುವ, ತಳದಲ್ಲಿ ನೇರ ಹೊರಕ್ಕೆ ತೆರೆದ ಕಿಂಡಿಯಿರುವ ಗೂಡು ಬೇಕು. ಗ್ಯಾಸ್ ಎಚ್ಚರಿಕೆಯ ಯಂತ್ರವನ್ನು ನೆಲದ ಬಳಿ, ಕಾರ್ಬನ್ ಮೊನಾಕ್ಸೈಡ್‌ನದ್ದನ್ನು ಮಲಗಿದವರ ತಲೆಯ ಎತ್ತರಕ್ಕೆ ಕೂರಿಸಬೇಕು. ಗಾಡಿಯ ಒಟ್ಟು ಖರ್ಚಿನಲ್ಲಿ ಅದು ಏನೂ ಅಲ್ಲ.

ಕಾನೂನಿನ ಬಾಗಿಲು

ಇಷ್ಟೆಲ್ಲ ಆದ ಮೇಲೆ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೊನೆಗೆ ಕೇಳಿದೆವು. ಹಳದಿ ಬೋರ್ಡಿನ ವ್ಯಾನನ್ನು ಬಿಳಿ ಬೋರ್ಡಿಗೆ ಬದಲಾಯಿಸಲು ಹೋದಾಗ ಅಧಿಕಾರಿ ಒಳಗೆ ಒಮ್ಮೆ ಇಣುಕಿ ಕಾಗದ ಮರಳಿಸಿದರು. ಅವರದ್ದು ತಪ್ಪಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ನಾನು ಕಡಲ ತೀರದಲ್ಲಿ ಜರ್ಮನ್ ಲಾರಿ ನೋಡಿ ಬೆರಗಾಗಿದ್ದ ಅದೇ ತಿಂಗಳು! ನಮ್ಮ ದೇಶದಲ್ಲಿ ಮೋಟಾರ್ ಕಾರವಾನ್ ಎಂಬ ಪ್ರತ್ಯೇಕ ವರ್ಗವೇ ಇದೆ. ಅದಕ್ಕೆ ಎಐಎಸ್-124 ಎಂಬ ಮಾನದಂಡವೂ ಇದೆ. ಆ ಮಾನದಂಡದಂತೆ ಪರೀಕ್ಷೆ ಪಾಸಾದ ಕಟ್ಟಡಗಾರರಿಂದ ಮಾಡಿಸಿದರೆ ನೋಂದಣಿಗೆ ತೊಡಕಿಲ್ಲ. ಖರ್ಚು ಮಾತ್ರ ನಮ್ಮ ಕೈಗೆ ಎಟುಕುವಂಥದ್ದಲ್ಲ. ಅನುಮತಿಯಿಲ್ಲದೆ ಮಾರ್ಪಡಿಸಿದ ಗಾಡಿ ಅಪಘಾತಕ್ಕೀಡಾದರೆ ವಿಮಾ ಪರಿಹಾರಕ್ಕೂ ಕುತ್ತು ಬರಬಹುದು. ಅದು ನಮ್ಮ ನಷ್ಟ ಮಾತ್ರವಲ್ಲ, ಎದುರಿಗೆ ಸಿಕ್ಕ ಬಡವನ ಹಕ್ಕಿಗೂ ತೊಡಕು.

ಅಳಿಯ ಎರಡು ವಾರ ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ. ಹನ್ನೊಂದು ವರ್ಷ ಬಿಸಿಲಲ್ಲಿ ದುಡಿದ ಹಣದ ದೊಡ್ಡ ಪಾಲು ಅಂಗಳದಲ್ಲಿ ಮಳೆಗೆ ನೆನೆಯುತ್ತಿತ್ತು. ನಾನು ಅವನಿಗೆ 1951ರ ಆ ಪೆಟ್ಟಿಗೆಯ ಕಥೆ ಹೇಳಿದೆ. ಗಾಡಿಯನ್ನು ಮುಟ್ಟಬೇಡ, ಪೆಟ್ಟಿಗೆ ಮಾಡು ಎಂದೆ. ಹೇಳಿದ್ದು ಸಮಾಧಾನಕ್ಕೆ. ಅವನು ಮಾಡಿಯೇ ಬಿಟ್ಟ.

ಬೀರು, ಕಡಪ ಕಲ್ಲು ಎಲ್ಲ ಕಿತ್ತು, ಸೀಟು ಮರಳಿ ಕೂರಿಸಿ ವ್ಯಾನನ್ನು ನಷ್ಟಕ್ಕೆ ಮಾರಿದ. ಮನೆಯಲ್ಲಿದ್ದದ್ದು ಏಳು ಸೀಟಿನ ಸಾಧಾರಣ ಕಾರು. ಅದರ ಕೊನೆಯ ಸಾಲು ಕಂಪೆನಿಯೇ ಮಡಚಲು ಬರುವಂತೆ ಮಾಡಿದ್ದು. ಮಡಚಿದರೆ ಸಿಗುವ ಜಾಗಕ್ಕೆ ಸರಿಯಾಗಿ 9 ಮಿಲಿಮೀಟರ್ ಪ್ಲೈವುಡ್‌ನ ಎರಡು ಪೆಟ್ಟಿಗೆಗಳು. ಒಂದರಲ್ಲಿ ಶೌಚದ ಪೆಟ್ಟಿಗೆ, 20 ಲೀಟರ್ ನೀರಿನ ಕ್ಯಾನ್, ತೂತಿನ ಬಾಟಲಿ. ಇನ್ನೊಂದರಲ್ಲಿ ಸಣ್ಣ ಫ್ರಿಜ್, ಅದರ ಬ್ಯಾಟರಿ, ಫ್ಯೂಸ್. ಹಗ್ಗದ ಪಟ್ಟಿಯಲ್ಲಿ ಬಿಗಿದು ಕಟ್ಟುತ್ತಾನೆ, ಒಂದು ಬೋಲ್ಟ್ ಕೂಡ ಇಲ್ಲ. ಹಿಂಬಾಗಿಲು ಎತ್ತಿದರೆ ಸುತ್ತ ಇಳಿಬಿಡಲು ದಪ್ಪ ಬಟ್ಟೆಯ ಮರೆ, ಅದಕ್ಕೊಂದು ಜಿಪ್. ಒಳಗೆ ಹಿಡಿದು ಏಳಲು ಒಂದು ಕೈಪಿಡಿ. ತೂಕ ನೋಡಿಸಿದೆವು. ನೀರೂ ಸೇರಿ 74 ಕೆ.ಜಿ., ಇಬ್ಬರು ಪ್ರಯಾಣಿಕರಿಗಿಂತ ಕಡಿಮೆ. ಮಲಗಲು ಇದರಲ್ಲಿ ಆಗುವುದಿಲ್ಲ, ರಾತ್ರಿ ಲಾಡ್ಜೇ ಗತಿ. ಗ್ಯಾಸ್ ಕೂಡ ಇಲ್ಲ, ಫ್ಲಾಸ್ಕಿನ ಚಹಾ.

ಹೋದ ಶಅಬಾನ್‌ನಲ್ಲಿ ಭಟ್ಕಳದಲ್ಲಿ ಸಂಬಂಧಿಕರ ನಿಕಾಹ್ ಇತ್ತು. ಅಕ್ಕ ಬರುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದರು. ಬೆಳಗ್ಗೆ ನಾಲ್ಕೂವರೆಗೆ ಬುರ್ಖಾ ಹಾಕಿಕೊಂಡು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದರು. ಕುಂದಾಪುರ ದಾಟುವುದರೊಳಗೆ ಎರಡು ಸಲ ಚಹಾ ಕೇಳಿ ಕುಡಿದರು.